ಹ್ಯಾಂಡ್‌ಬಾಲ್ ಆಟಗಾರರ ಬೆನ್ನಿಗೆ ಚಿಪ್ ಯಾಕೆ? ಪದೇ ಪದೇ ಕೇಳೋ ಪ್ರಶ್ನೆಗಳು

ಯುರೋಪಿನ ಹ್ಯಾಂಡ್‌ಬಾಲ್ ಮ್ಯಾಚ್ ಕ್ಲಿಪ್ ಒಂದನ್ನ ಗ್ರೂಪ್‌ಗೆ ಹಾಕಿದ್ರೆ ಸಾಕು, ಸ್ಕೋರ್ ಯಾರೂ ಕೇಳಲ್ಲ, ಬೆನ್ನಿನ ಮೇಲೆ ಅದೇನು ಗಂಟು, ಸ್ಕ್ರೀನ್ ಮೇಲೆ ಅದೇನು ಕಿಲೋಮೀಟರ್ ಲೆಕ್ಕ, ಇದನ್ನೇ ಕೇಳ್ತಾರೆ. ಪ್ರತಿ ಸಲ ಟೈಪ್ ಮಾಡಿ ಮಾಡಿ ಸಾಕಾಯ್ತು, ಅದಕ್ಕೆ ಎಲ್ಲಾ ಒಂದೇ ಕಡೆ ಬರೆದಿಟ್ಟಿದೀನಿ. ಕಾಲೇಜಲ್ಲಿ ಮಣ್ಣಿನ ಕೋರ್ಟಲ್ಲಿ ವಿಂಗ್, ಅಂದ್ರೆ ಅಂಚಲ್ಲಿ ನಿಲ್ಲೋ ಆಟಗಾರನಾಗಿ, ಆಡಿದ್ದು ಬಿಟ್ರೆ ನಾನೇನೂ ದೊಡ್ಡ ಆಟಗಾರ ಅಲ್ಲ, ಆದ್ರೆ ಈ ಟ್ರ್ಯಾಕಿಂಗ್ ವಿಷ್ಯ ತಲೆಗೆ ಹತ್ತಿ ತುಂಬಾ ವರ್ಷ ಆಯ್ತು.

ಮೊದಲು ಇದು ಹೇಳಿ, ಹ್ಯಾಂಡ್‌ಬಾಲ್ ಅಂದ್ರೆ ವಾಲಿಬಾಲ್ ಥರಾನಾ?

ಅಲ್ಲ. 40 ಮೀಟರ್ ಉದ್ದ, 20 ಮೀಟರ್ ಅಗಲದ ಒಳಾಂಗಣ ಕೋರ್ಟ್, ಒಂದು ಕಡೆಗೆ ಆರು ಜನ ಪ್ಲಸ್ ಗೋಲಿ (ಗೋಲ್‌ಕೀಪರ್), ಕೈಯಲ್ಲಿ ಚೆಂಡು ಎಸೆದು 3 ಮೀಟರ್ ಅಗಲ 2 ಮೀಟರ್ ಎತ್ತರದ ಗೋಲ್‌ಪೋಸ್ಟ್ ಒಳಗೆ ಹಾಕೋದು, 30 ನಿಮಿಷದ ಎರಡು ಹಾಫ್. ಗೋಲಿನ ಮುಂದೆ 6 ಮೀಟರ್ ಗೆರೆ ಇದೆ, ಅದರೊಳಗೆ ಗೋಲಿ ಬಿಟ್ಟು ಯಾರೂ ಕಾಲಿಡೋ ಹಾಗಿಲ್ಲ, ಅದಕ್ಕೇ ಆ ಗೆರೆ ಹತ್ರಾನೇ ಎಲ್ಲಾ ಗುದ್ದಾಟ. ಓಟ ಬ್ಯಾಸ್ಕೆಟ್‌ಬಾಲ್‌ದು, ಹಿಡಿತ ಕಬಡ್ಡಿದು ಅಂದ್ಕೊಳ್ಳಿ. ಸಬ್‌ಸ್ಟಿಟ್ಯೂಷನ್‌ಗೆ ಲಿಮಿಟ್ ಇಲ್ಲ, ಆಟ ನಿಲ್ಲಿಸದೆ ಎಷ್ಟು ಸಲ ಬೇಕಾದ್ರೂ ಒಳಗೆ ಹೊರಗೆ ಓಡಾಡಬಹುದು. ಈ ಕೊನೇ ಮಾತು ನೆನಪಿಟ್ಕೊಳ್ಳಿ, ಮುಂದೆ ಇದೇ ತಲೆನೋವು.

ಆ ಬೆನ್ನಿನ ಗಂಟು ಏನು?

ಬೆಂಕಿಪೊಟ್ಟಣದಷ್ಟು ಇರೋ ಒಂದು ಸೆನ್ಸರ್. ಜರ್ಸಿ ಒಳಗೆ ಬಿಗಿಯಾದ ಬನಿಯನ್ ಥರ ಒಂದು ವೆಸ್ಟ್ ಹಾಕ್ತಾರೆ, ಅದರಲ್ಲಿ ಎರಡು ಭುಜದ ಮೂಳೆ ಮಧ್ಯೆ ಒಂದು ಸಣ್ಣ ಜೇಬು, ಚಿಪ್ ಅಲ್ಲಿ ಕೂರುತ್ತೆ. ಜಾಗ ಅಲ್ಲೇ ಯಾಕೆ ಅಂದ್ರೆ ಕೈ ಬೀಸೋಕೆ ಅಡ್ಡ ಬರಲ್ಲ, ಬಿದ್ದಾಗ ಚುಚ್ಚೋದು ಕಮ್ಮಿ, ಮೇಲಿರೋ ಆಂಟೆನಾಗೆ ಸಿಗ್ನಲ್ ಚೆನ್ನಾಗಿ ಹೋಗುತ್ತೆ. ಒಳಗೆ ಎರಡು ಕೆಲಸ ನಡೀತಾ ಇರುತ್ತೆ. ಒಂದು, ಕೋರ್ಟ್ ಮೇಲೆ ಎಲ್ಲಿದಾನೆ ಅಂತ ರೇಡಿಯೋ ಸಿಗ್ನಲ್ ಕಳಿಸೋದು. ಇನ್ನೊಂದು, ದೇಹ ಹೇಗೆ ಅಲುಗ್ತಾ ಇದೆ, ತಿರುಗ್ತಾ ಇದೆ ಅಂತ ಆಕ್ಸೆಲೆರೋಮೀಟರ್, ಗೈರೋಸ್ಕೋಪ್‌ನಲ್ಲಿ ಅಳೆಯೋದು, ನಿಮ್ಮ ಫೋನ್ ಅಡ್ಡ ಹಿಡಿದ್ರೆ ಸ್ಕ್ರೀನ್ ತಿರುಗುತ್ತಲ್ಲ ಅದೇ ಜಾತಿ ಸೆನ್ಸರ್, ಆದ್ರೆ ಸೆಕೆಂಡಿಗೆ 100 ಸಲ ಬರ್ಕೊಳ್ಳೋ ಅಂಥದ್ದು.

ಜಿಪಿಎಸ್ ವಾಚ್ ಸಾಕಲ್ವಾ? ಫುಟ್‌ಬಾಲ್‌ನವರು ಅದನ್ನೇ ಬಳಸ್ತಾರಲ್ಲ?

ಫುಟ್‌ಬಾಲ್ ಬಯಲಲ್ಲಿ ಆಡ್ತಾರೆ, ತಲೆ ಮೇಲೆ ಆಕಾಶ. ಹ್ಯಾಂಡ್‌ಬಾಲ್ ಹಾಲ್‌ನಲ್ಲಿ, ತಲೆ ಮೇಲೆ ಕಬ್ಬಿಣದ ಚಾವಣಿ, ಸ್ಯಾಟಲೈಟ್ ಸಿಗ್ನಲ್ ಒಳಗೆ ನೆಟ್ಟಗೆ ಬರೋದೇ ಇಲ್ಲ. ನಾನು ಒಂದ್ಸಲ ಫ್ರೆಂಡ್‌ದು ಓಟದ ವಾಚ್ ಕಟ್ಕೊಂಡು ಇಂಡೋರ್ ಹಾಲ್‌ನಲ್ಲಿ ಒಂದು ಗಂಟೆ ಆಡಿ ಆಮೇಲೆ ಮ್ಯಾಪ್ ತೆಗೆದು ನೋಡಿದೆ, ಗೋಡೆ ದಾಟಿ, ಪಾರ್ಕಿಂಗ್ ದಾಟಿ, ಪಕ್ಕದ ತೆಂಗಿನ ತೋಟದಲ್ಲಿ ಗೀಚುಗೀಚಾಗಿ ಓಡಿದೀನಿ ಅಂತ ತೋರಿಸ್ತು, ಗೋಲು ಮಾತ್ರ ಒಂದೂ ಇಲ್ಲ. ಹಂಗಾಗಿ ಹಾಲ್ ಒಳಗೇ ಸ್ಯಾಟಲೈಟ್ ಕೆಲಸ ಮಾಡೋ ಅಂಥ ಡಬ್ಬಗಳನ್ನ ಹಾಕಬೇಕು.

ಅದು ಹೇಗೆ ಕೆಲಸ ಮಾಡುತ್ತೆ?

ಹಾಲ್‌ನ ಸುತ್ತ ಎತ್ತರದಲ್ಲಿ ಒಂದಷ್ಟು ಆಂಟೆನಾ ಡಬ್ಬ ಕಟ್ಟಿರ್ತಾರೆ, ಇದಕ್ಕೆ ಆಂಕರ್ ಅಂತಾರೆ. ಆಟಗಾರನ ಬೆನ್ನಿನ ಚಿಪ್ ಅಲ್ಟ್ರಾ ವೈಡ್‌ಬ್ಯಾಂಡ್ ಅನ್ನೋ ರೇಡಿಯೋದಲ್ಲಿ ಚಿಕ್ಕ ಚಿಕ್ಕ ಮಿಡಿತ ಕಳಿಸ್ತಾ ಇರುತ್ತೆ, ಅದು ಒಂದೊಂದು ಆಂಕರ್‌ಗೆ ಮುಟ್ಟೋಕೆ ಎಷ್ಟು ಹೊತ್ತು ಹಿಡೀತು ಅನ್ನೋ ವ್ಯತ್ಯಾಸದಿಂದ ಜಾಗ ಲೆಕ್ಕ ಹಾಕ್ತಾರೆ. ಹೇಳೋಕೆ ಸುಲಭ, ಆದ್ರೆ ರೇಡಿಯೋ ಅಲೆ ಬೆಳಕಿನ ಸ್ಪೀಡಲ್ಲಿ ಹೋಗುತ್ತೆ, ಒಂದು ನ್ಯಾನೋಸೆಕೆಂಡಿಗೆ ಸುಮಾರು 30 ಸೆಂಟಿಮೀಟರ್. ಅಂದ್ರೆ 10 ಸೆಂಟಿಮೀಟರ್ ಹತ್ರಕ್ಕೆ ಜಾಗ ಹೇಳಬೇಕು ಅಂದ್ರೆ ನ್ಯಾನೋಸೆಕೆಂಡಿನ ಮೂರನೇ ಒಂದು ಪಾಲನ್ನ ಅಳೀಬೇಕು, ಅದೂ ಹದಿನಾಲ್ಕು ಜನ ಒಬ್ಬರ ಮೇಲೊಬ್ಬರು ಬೀಳ್ತಾ ಇರುವಾಗ, ಒಬ್ಬೊಬ್ಬರಿಗೂ ಸೆಕೆಂಡಿಗೆ ಹತ್ತಿಪ್ಪತ್ತು ಸಲ.

ಈ ಲೈನಲ್ಲಿ ಜಾಸ್ತಿ ಕೇಳೋ ಹೆಸರು ಮ್ಯೂನಿಕ್‌ನ ಕೈನೆಕ್ಸಾನ್. ಜರ್ಮನಿಯ ಟಾಪ್ ಲೀಗ್ ಆದ ಹ್ಯಾಂಡ್‌ಬಾಲ್ ಬುಂಡೆಸ್‌ಲೀಗಾದಲ್ಲಿ 2019-20 ಸೀಸನ್‌ನಿಂದ ಇವರ ಸಿಸ್ಟಮ್ ಇದೆ, 2020ರ ಪುರುಷರ ಯುರೋಪಿಯನ್ ಚಾಂಪಿಯನ್‌ಶಿಪ್‌ನಲ್ಲೂ ಇತ್ತು. ಮೆಲ್ಬೋರ್ನ್‌ನ ಕ್ಯಾಟಪಲ್ಟ್, ಸ್ಪೇನ್‌ನ ವಿಮು ಅಂತ ಬೇರೆಯವೂ ಇವೆ.

ಚಿಪ್ ಬರೋಕೆ ಮುಂಚೆ ಏನ್ ಮಾಡ್ತಿದ್ರು?

ವಿಡಿಯೋ. ಕೂತು ಕೂತು ಕಣ್ಣಲ್ಲಿ ನೋಡಿ, ಇವನು ನಿಂತ, ನಡೆದ, ಓಡಿದ, ಪಕ್ಕಕ್ಕೆ ಸರಿದ, ಅಂತ ಒಂದೊಂದೇ ಬಟನ್ ಒತ್ತಿ ಬರ್ಕೊಳ್ಳೋದು, ಒಬ್ಬ ಆಟಗಾರನ ಒಂದು ಮ್ಯಾಚ್ ಮುಗಿಸೋಕೆ ಆ ಮ್ಯಾಚಿಗಿಂತ ಎಷ್ಟೋ ಪಟ್ಟು ಹೊತ್ತು. ಡೆನ್ಮಾರ್ಕಿನ ಸಂಶೋಧಕರು ತಮ್ಮ ಟಾಪ್ ಲೀಗ್ ಆಟಗಾರರ ಮೇಲೆ ಈ ಥರ ವರ್ಷಗಟ್ಟಲೆ ಕೆಲಸ ಮಾಡಿದಾರೆ, ಇವತ್ತಿಗೂ ಎಲ್ಲರೂ ಅವರ ನಂಬರ್ ಇಟ್ಕೊಂಡೇ ಮಾತಾಡೋದು. ಸ್ಲೊವೇನಿಯಾದ ಲ್ಯುಬ್ಲಿಯಾನಾ ಯೂನಿವರ್ಸಿಟಿಯವರು 2000ದ ಆಸುಪಾಸಲ್ಲೇ ಚಾವಣಿಗೆ ಕ್ಯಾಮೆರಾ ನೇತುಹಾಕಿ ಕಂಪ್ಯೂಟರ್‌ನಿಂದ ಆಟಗಾರರನ್ನ ಹಿಂಬಾಲಿಸೋಕೆ ಶುರು ಮಾಡಿದ್ರು, ಆ ಕಾಲದ ಕಂಪ್ಯೂಟರ್ ನೆನೆಸ್ಕೊಂಡ್ರೆ ಇದು ಸಣ್ಣ ಮಾತಲ್ಲ.

ಕ್ಯಾಮೆರಾದ ಕಷ್ಟ ಏನಂದ್ರೆ 6 ಮೀಟರ್ ಗೆರೆ ಮೇಲೆ ನಾಲ್ಕು ಜನ ಗಂಟು ಬಿದ್ದಾಗ ಯಾರ ಕೈ ಯಾರದ್ದು ಅಂತ ಮನುಷ್ಯನಿಗೇ ಗೊತ್ತಾಗಲ್ಲ, ಸಾಫ್ಟ್‌ವೇರ್ ಏನ್ ಮಾಡುತ್ತೆ ಪಾಪ. ಗಂಟು ಬಿಚ್ಚಿದ ಮೇಲೆ ಇಬ್ಬರ ಹೆಸರು ಅದಲುಬದಲಾಗಿರುತ್ತೆ.

ಸರಿ, ಒಬ್ಬ ಆಟಗಾರ ಒಂದು ಮ್ಯಾಚಲ್ಲಿ ಎಷ್ಟು ಓಡ್ತಾನೆ?

ಇದೇ ನಂಬರ್ ಒನ್ ಪ್ರಶ್ನೆ, ಇದೇ ಅಷ್ಟೊಂದು ಉಪಯೋಗಕ್ಕೆ ಬಾರದ ಪ್ರಶ್ನೆ ಕೂಡ. ಕತಾರ್‌ನಲ್ಲಿ 2015ರ ವಿಶ್ವ ಚಾಂಪಿಯನ್‌ಶಿಪ್ ನಡೀತಲ್ಲ, ಅಲ್ಲಿ 88 ಮ್ಯಾಚಲ್ಲಿ 384 ಆಟಗಾರರನ್ನ ಕ್ಯಾಮೆರಾ ಸಿಸ್ಟಮ್‌ನಿಂದ ಅಳೆದ್ರು. ಒಬ್ಬೊಬ್ಬ ಸರಾಸರಿ 37 ನಿಮಿಷ ಕೋರ್ಟ್ ಮೇಲೆ, ದೂರ ಸುಮಾರು 2600 ಮೀಟರ್. ಡೆನ್ಮಾರ್ಕಿನ ಲೀಗ್ ಗಂಡಸರ ಲೆಕ್ಕದಲ್ಲಿ ಅದೇ ಸುಮಾರು 3600 ಮೀಟರ್. ಹಂಗಾದ್ರೆ ಡೆನ್ಮಾರ್ಕಿನವರು ಕತಾರಲ್ಲಿ ಆಡಿದವರಿಗಿಂತ ಒಂದು ಕಿಲೋಮೀಟರ್ ಜಾಸ್ತಿ ಓಡೋರಾ? ಇಲ್ಲ. ಡೆನ್ಮಾರ್ಕಿನ ಸ್ಟಡಿಯಲ್ಲಿ ನೋಡಿದ್ದು ಮ್ಯಾಚಿನ ಬಹುಪಾಲು ಹೊತ್ತು ಕೋರ್ಟಲ್ಲೇ ಇದ್ದವರನ್ನ, ಕತಾರಲ್ಲಿ ಐದು ನಿಮಿಷ ಬಂದು ಹೋದವನೂ ಸರಾಸರಿಗೆ ಸೇರಿದಾನೆ. ಮುಂಚೆ ನೆನಪಿಟ್ಕೊಳ್ಳಿ ಅಂದ ಸಬ್‌ಸ್ಟಿಟ್ಯೂಷನ್ ಕಥೆ ಇದೇ. ಡಿಫೆನ್ಸ್‌ಗೆ ಮಾತ್ರ ಬಂದು, ಚೆಂಡು ಸಿಕ್ಕ ತಕ್ಷಣ ಬೆಂಚಿಗೆ ಓಡೋ ಸ್ಪೆಷಲಿಸ್ಟ್‌ಗಳು ಎಲ್ಲಾ ಟೀಮಲ್ಲೂ ಇರ್ತಾರೆ, ಅವರ ಇಡೀ ಮ್ಯಾಚಿನ ಕಿಲೋಮೀಟರ್ ಇಟ್ಕೊಂಡು ಏನ್ ಮಾಡ್ತೀರಾ.

ಅದಕ್ಕೇ ಗೊತ್ತಿರೋರು ನಿಮಿಷಕ್ಕೆ ಎಷ್ಟು ಮೀಟರ್ ಅಂತ ಕೇಳ್ತಾರೆ. ಕತಾರ್ ಲೆಕ್ಕದಲ್ಲಿ 2600ನ್ನ 37ರಿಂದ ಭಾಗಿಸಿದ್ರೆ ಸುಮಾರು 70 ಬರುತ್ತೆ. ಇದರಲ್ಲೂ ಒಂದು ಕೊಕ್ಕೆ ಇದೆ, ಟೈಮ್‌ಔಟ್, ನೆಲ ಒರೆಸೋದು, ರೆಫರಿ ಜತೆ ವಾದ, ಈ ಗ್ಯಾಪ್‌ಗಳನ್ನ ತೆಗೆದು ಭಾಗಿಸಿದ್ರೋ ಇಟ್ಟು ಭಾಗಿಸಿದ್ರೋ ಅಂತ ನೋಡ್ಕೋಬೇಕು. ಎರಡು ರಿಪೋರ್ಟ್ ಪಕ್ಕಪಕ್ಕ ಇಡೋ ಮುಂಚೆ ನಾನು ಮೊದಲು ಹುಡುಕೋದೇ ಈ ಸಾಲು.

ಫುಟ್‌ಬಾಲ್‌ನವರು ಹತ್ತು ಹನ್ನೊಂದು ಕಿಲೋಮೀಟರ್ ಓಡ್ತಾರೆ, ಇವರು ಮೂರು. ಇದು ಸುಲಭದ ಆಟ ಅಲ್ವಾ?

ಬೆಂಗಳೂರಲ್ಲಿ ಸಿಲ್ಕ್ ಬೋರ್ಡ್‌ನಿಂದ ಮೂರು ಕಿಲೋಮೀಟರ್ ಗಾಡಿ ಓಡಿಸಿ ನೋಡಿ, ಆಮೇಲೆ ತುಮಕೂರು ಹೈವೇಲಿ ಹನ್ನೊಂದು ಕಿಲೋಮೀಟರ್ ಓಡಿಸಿ, ಕ್ಲಚ್ ಯಾವುದರಲ್ಲಿ ಸವೀತು ಅಂತ ಹೇಳಿ.

ಕತಾರ್ ಡೇಟಾದಲ್ಲೇ ಇನ್ನೊಂದು ನಂಬರ್ ಇದೆ, ಜನ ಅದನ್ನ ನೋಡೋದೇ ಇಲ್ಲ. ಆ 37 ನಿಮಿಷದಲ್ಲಿ ಆಟಗಾರ ಸರಾಸರಿ 850ರ ಹತ್ರ ಸಲ ಚಲನೆ ಬದಲಾಯಿಸ್ತಾನೆ, ನಿಂತಿದ್ದೋನು ಓಡ್ತಾನೆ, ಓಡ್ತಿದ್ದೋನು ನಡೀತಾನೆ, ಮತ್ತೆ ಚಿಮ್ಮುತಾನೆ. ಭಾಗಿಸಿ ನೋಡಿದ್ರೆ ಎರಡೂವರೆ ಸೆಕೆಂಡಿಗೊಂದು. ಈ ವಾಕ್ಯ ನೀವು ಓದಿ ಮುಗಿಸೋ ಅಷ್ಟರಲ್ಲಿ ಅವನು ಒಂದೆರಡು ಗೇರ್ ಬದಲಾಯಿಸಿ ಆಗಿರುತ್ತೆ. 90 ಕೆಜಿ, 100 ಕೆಜಿ ದೇಹವನ್ನ ಪೂರ್ತಿ ಸ್ಪೀಡಿಂದ ಒಂದೂವರೆ ಹೆಜ್ಜೇಲಿ ನಿಲ್ಲಿಸೋದು ಅಂದ್ರೆ ಮಂಡಿ, ತೊಡೆ, ಹಿಮ್ಮಡಿಗೆ ಬೀಳೋ ಹೊಡೆತ ಎಂಥದ್ದು ಅಂತ ಮಣ್ಣಿನ ಕೋರ್ಟಲ್ಲಿ ಜಾರಿಕೊಂಡು ನಿಲ್ತಿದ್ದ ನನಗೆ ಗೊತ್ತಾಗಿದ್ದೇ ಸಿಂಥೆಟಿಕ್ ಫ್ಲೋರ್ ಮೇಲೆ ಮೊದಲ ದಿನ ಆಡಿದಾಗ. ಮಣ್ಣು ಜಾರುತ್ತೆ, ಆ ಫ್ಲೋರ್ ಜಾರಲ್ಲ, ಕಾಲು ಅಲ್ಲೇ ನಿಲ್ಲುತ್ತೆ ಮೈ ಮಾತ್ರ ಮುಂದಕ್ಕೆ ಹೋಗುತ್ತೆ.

ಸ್ಪ್ರಿಂಟ್ ಅಂತ ಯಾವುದನ್ನ ಕರೀತಾರೆ?

ಇಲ್ಲೊಂದು ಗೋಜಲು. ಫುಟ್‌ಬಾಲ್‌ನಲ್ಲಿ ಗಂಟೆಗೆ ಇಷ್ಟು ಕಿಲೋಮೀಟರ್ ದಾಟಿದ್ರೆ ಹೈ ಸ್ಪೀಡ್, ಇನ್ನಿಷ್ಟು ದಾಟಿದ್ರೆ ಸ್ಪ್ರಿಂಟ್ ಅಂತ ಗೆರೆ ಎಳೆದಿದಾರೆ, ಆರಂಭದಲ್ಲಿ ಕೆಲವರು ಅದನ್ನೇ ತಂದು ಹ್ಯಾಂಡ್‌ಬಾಲ್‌ಗೆ ಅಂಟಿಸಿದ್ರು. ಕೋರ್ಟೇ 40 ಮೀಟರ್. ಬ್ಯಾಕ್, ಅಂದ್ರೆ ಡಿಫೆನ್ಸ್ ಎದುರು ದೂರದಿಂದ ಎಸೆಯೋ ಆಟಗಾರ, ಅಟ್ಯಾಕಲ್ಲಿ ಓಡೋದು ನಾಲ್ಕೈದು ಮೀಟರ್, ಅಷ್ಟರಲ್ಲಿ ಪ್ರಾಣ ಬಿಟ್ಟು ಚಿಮ್ಮಿದ್ರೂ ಆ ಫುಟ್‌ಬಾಲ್ ಸ್ಪೀಡ್ ಮುಟ್ಟೋಕೆ ಜಾಗಾನೇ ಇಲ್ಲ. ಲೆಕ್ಕದ ಪ್ರಕಾರ ಅವನು ಇಡೀ ಮ್ಯಾಚು ಜಾಗಿಂಗ್ ಮಾಡಿದ. ಅದಕ್ಕೆ ಈಗ ಸ್ಪೀಡಿಗಿಂತ ಆಕ್ಸೆಲರೇಷನ್, ಡಿಸೆಲರೇಷನ್ ಎಷ್ಟು ಸಲ ಅಂತ ನೋಡೋದು ಜಾಸ್ತಿ. ಗೆರೆ ಎಲ್ಲಿ ಎಳೀಬೇಕು ಅನ್ನೋದ್ರಲ್ಲಿ ಇನ್ನೂ ಎಲ್ಲರೂ ಒಂದೇ ಮಾತು ಹೇಳಲ್ಲ, ಒಂದು ಕಂಪನಿ ಡ್ಯಾಶ್‌ಬೋರ್ಡಿನ 12 ಸ್ಪ್ರಿಂಟು ಇನ್ನೊಂದು ಕಂಪನಿದ್ರಲ್ಲಿ 30 ಆಗಬಹುದು, ಆಟ ಅದೇ.

ಎಲ್ಲಾ ಪೊಸಿಷನ್‌ಗೂ ಒಂದೇ ಥರಾನಾ?

ಇಲ್ಲವೇ ಇಲ್ಲ, ನನಗಂತೂ ಇಡೀ ವಿಷಯದಲ್ಲಿ ಇದೇ ರುಚಿಯಾದ ಭಾಗ. ಬುಂಡೆಸ್‌ಲೀಗಾದ ನಾಲ್ಕು ಟೀಮ್‌ಗಳ 2019ರಿಂದ 2022ರವರೆಗಿನ ಡೇಟಾ ಜಾಲಾಡಿದಾಗಲೂ ಗೆದ್ರಾ ಸೋತ್ರಾ, ಯಾವ ಸೀಸನ್ ಅನ್ನೋದಕ್ಕಿಂತ ಎದ್ದು ಕಂಡಿದ್ದು ಪೊಸಿಷನ್‌ನ ವ್ಯತ್ಯಾಸ.

ವಿಂಗ್ ತಗೊಳ್ಳಿ. ಕೋರ್ಟಿನ ಮೂಲೇಲಿ ನಿಂತಿರ್ತಾನೆ, ಅರ್ಧ ನಿಮಿಷ ಚೆಂಡೇ ಬರಲ್ಲ, ಟ್ರ್ಯಾಕಿಂಗ್ ಗ್ರಾಫ್ ನೆಲಕ್ಕೆ ಅಂಟಿರುತ್ತೆ. ಎದುರಾಳಿ ಎಸೆದ ಚೆಂಡು ನಮ್ಮ ಗೋಲಿ ಕೈಗೆ ತಾಗಿದ ಸದ್ದು ಬಂತು ಅಂದ್ರೆ, ಕೆಲವು ಸಲ ಸದ್ದಿಗೂ ಮುಂಚೆ, ಇವನು ಹೊರಟಾಗಿರುತ್ತೆ. ಗ್ರಾಫ್ ಗೋಡೆ ಥರ ನೆಟ್ಟಗೆ ಏಳುತ್ತೆ, 25-30 ಮೀಟರ್ ಒಂದೇ ಉಸಿರು, ತಲೆ ಹಿಂದಿಂದ ಬರೋ ಚೆಂಡು ಹಿಡಿದು, ಹಾರಿ, ಎಸೆದು, ಬಿದ್ದು, ಎದ್ದು, ಗೋಲ್ ಆದ್ರೂ ಆಗದಿದ್ರೂ ತಿರುಗಿ ವಾಪಸ್ ಅಷ್ಟೇ ದೂರ. ಹೈ ಸ್ಪೀಡ್ ಓಟ ಜಾಸ್ತಿ ಕಾಣೋದು ವಿಂಗ್‌ಗಳಲ್ಲೇ.

ಈಗ ಪಿವಟ್ ನೋಡಿ. ಎದುರಾಳಿ ಡಿಫೆನ್ಸ್ ಮಧ್ಯೆ, 6 ಮೀಟರ್ ಗೆರೆ ಮೇಲೆ, ಬೆನ್ನು ಗೋಲ್‌ಪೋಸ್ಟ್ ಕಡೆ ಹಾಕ್ಕೊಂಡು ನಿಲ್ಲೋ ದೊಡ್ಡ ಆಸಾಮಿ. ಇಬ್ಬರು ಡಿಫೆಂಡರ್ ಸೊಂಟ ಹಿಡ್ಕೊಂಡಿದಾರೆ, ಜರ್ಸಿ ಎಳೀತಿದಾರೆ, ಇವನು ಪೃಷ್ಠದಿಂದ ಒತ್ತಿ ಒಂದಡಿ ಜಾಗಕ್ಕೆ ಗುದ್ದಾಡ್ತಿದಾನೆ, ಮುಖ ಕೆಂಪಗೆ, ಕುತ್ತಿಗೆ ನರ ಎದ್ದಿದೆ. 30 ಸೆಕೆಂಡು ಹೀಗೇ. ಟ್ರ್ಯಾಕಿಂಗ್ ಏನ್ ಹೇಳುತ್ತೆ ಗೊತ್ತಾ? ದೂರ ಹತ್ತಿಪ್ಪತ್ತು ಮೀಟರ್, ಸ್ಪೀಡು ದೇವಸ್ಥಾನ ಸುತ್ತೋ ಅಜ್ಜಿಯದ್ದು. ಚಿಪ್‌ಗೆ ಗೊತ್ತಿರೋದು ಜಾಗ ಬದಲಾಯ್ತಾ ಅಂತ ಮಾತ್ರ, ಜಾಗ ಬದಲಾಗಬಾರದು ಅಂತ ಸುರಿಸಿದ ಬೆವರು ಅದಕ್ಕೆ ಕಾಣಲ್ಲ. ನಮ್ಮ ಕಬಡ್ಡಿಯಲ್ಲಿ ಕಾರ್ನರ್ ಆಟಗಾರ ರೇಡರ್ ಹಿಮ್ಮಡಿ ಹಿಡ್ಕೊಂಡು ನೇತಾಡೋದನ್ನ ಮೀಟರ್ ಲೆಕ್ಕದಲ್ಲಿ ಅಳೆದ ಹಾಗೆ. ಟೀಮಲ್ಲಿ ಯಾರು ಕಮ್ಮಿ ಓಡಿದಾರೆ ಅಂತ ಪಟ್ಟಿ ತೆಗೆದು ಪಿವಟ್‌ಗೆ ಬೈಯೋ ಕೋಚ್‌ನ ಕೈಯಿಂದ ಮೊದಲು ಆ ಟ್ಯಾಬ್ಲೆಟ್ ಕಿತ್ಕೋಬೇಕು.

ಪ್ಲೇಯರ್‌ಲೋಡ್ ಅಂತಾರಲ್ಲ, ಅದು ಈ ಗುದ್ದಾಟ ಹಿಡಿಯಲ್ವಾ?

ಸ್ವಲ್ಪ ಹಿಡಿಯುತ್ತೆ. ಪ್ಲೇಯರ್‌ಲೋಡ್ ಅಂದ್ರೆ ಮೂರು ದಿಕ್ಕಿನಲ್ಲೂ ದೇಹದ ಆಕ್ಸೆಲರೇಷನ್ ಕ್ಷಣಕ್ಷಣಕ್ಕೆ ಎಷ್ಟು ಬದಲಾಗ್ತಾ ಇದೆ ಅಂತ ತೆಗೆದು ಎಲ್ಲಾ ಕೂಡಿ ಹಾಕಿದ ಒಂದು ಮೊತ್ತ, ಅದಕ್ಕೆ ಕೆಜಿ ಮೀಟರ್ ಥರ ಅರ್ಥ ಆಗೋ ಯೂನಿಟ್ ಇಲ್ಲ. ಹಾರಿ ಬಿದ್ರೆ ಏರುತ್ತೆ, ಡಿಕ್ಕಿ ಹೊಡೆದ್ರೆ ಏರುತ್ತೆ, ಓಡಿದ್ರೂ ಏರುತ್ತೆ. ನಾರ್ವೆಯ ಟಾಪ್ ಹೆಂಗಸರ ಮೇಲೆ ಈ ಸೆನ್ಸರ್ ಇಟ್ಟು ನೋಡಿದಾಗ, ಚಿಮ್ಮೋದು, ಬ್ರೇಕ್ ಹಾಕೋದು, ದಿಕ್ಕು ಬದಲಾಯಿಸೋದು ಈ ಥರ ಜೋರಿನ ಕ್ರಿಯೆಗಳು ನಿಮಿಷಕ್ಕೆ ಸುಮಾರು 4 ಬಂದ್ವು, ಅದರಲ್ಲಿ ಬ್ಯಾಕ್‌ಗಳು, ಪಿವಟ್‌ಗಳು ಮುಂದೆ, ವಿಂಗ್‌ಗಳಲ್ಲ. ಕಿಲೋಮೀಟರ್ ಪಟ್ಟಿ ತಲೆಕೆಳಗಾಯ್ತು ನೋಡಿ. ಆದ್ರೂ ಇಬ್ಬರು ಸಮ ಬಲದವರು ಒಬ್ಬರನ್ನೊಬ್ಬರು ತಳ್ತಾ ಅಲುಗದೆ ನಿಂತ್ರೆ ಆಕ್ಸೆಲರೇಷನ್ ಸೊನ್ನೆ, ಪ್ಲೇಯರ್‌ಲೋಡೂ ಹೆಚ್ಚುಕಮ್ಮಿ ಸೊನ್ನೆ.

ನಂಬರ್ ಎಷ್ಟು ಕರೆಕ್ಟ್ ಇರುತ್ತೆ?

ಒಳ್ಳೆ ಹಾಲ್, ಒಳ್ಳೆ ಸೆಟ್ಟಿಂಗ್ ಇದ್ರೆ ಚೆನ್ನಾಗೇ ಇರುತ್ತೆ. 2018ರಲ್ಲಿ ಬಂದ ಒಂದು ಸ್ಟಡಿಯಲ್ಲಿ ಕ್ಯಾಟಪಲ್ಟ್‌ನ ಇಂಡೋರ್ ಸಿಸ್ಟಮ್‌ನ ಬಹಳ ನಿಖರವಾದ ಕ್ಯಾಮೆರಾ ಸೆಟಪ್ ಜತೆ ಹೋಲಿಸಿ ನೋಡಿದ್ರು. ಆಂಕರ್ ನಡುವೆ ಕೋರ್ಟ್ ಸರಿಯಾಗಿ ಕೂತಾಗ ಜಾಗದ ತಪ್ಪು ಸರಾಸರಿ 20 ಸೆಂಟಿಮೀಟರ್ ಆಸುಪಾಸು. ಅದೇ ಕೋರ್ಟು ಒಂದು ಬದಿಗೆ ಸರಿದು ಜೋಡಣೆ ಕೆಟ್ಟಾಗ ತಪ್ಪು 1.8 ಮೀಟರ್ ಹತ್ರಕ್ಕೆ ಹೋಯ್ತು. ವಿಂಗ್ ನಿಲ್ಲೋದೇ ಮೂಲೇಲಿ ಅಂತ ನೆನಪಿರಲಿ. ಇನ್ನೊಂದು, ಒಟ್ಟು ದೂರ ಸರಿಯಾಗಿ ಬಂದ್ರೂ ಆ ಕ್ಷಣದ ಸ್ಪೀಡಿನ ತಪ್ಪು ಮೂರನೇ ಒಂದು ಪಾಲಿಗಿಂತ ಜಾಸ್ತಿ ಇತ್ತು. ಸಿಸ್ಟಮ್‌ಗಳು ಆಮೇಲೆ ಸುಧಾರಿಸಿವೆ ಅನ್ನಿ. ಆದ್ರೂ ಟಿವಿಯಲ್ಲಿ ಇವನ ಟಾಪ್ ಸ್ಪೀಡು ಅವನಿಗಿಂತ 0.2 ಜಾಸ್ತಿ ಅಂತ ತೋರಿಸಿದಾಗ ನಾನು ಟೀ ಕುಡಿಯೋಕೆ ಎದ್ದು ಹೋಗ್ತೀನಿ.

ಬೆಂಚಲ್ಲಿ ಕೂತಿದ್ದೋನ ಲೆಕ್ಕಾನೂ ಸೇರುತ್ತಾ?

ಸೇರಬಾರದು, ಆದ್ರೆ ಎಚ್ಚರ ತಪ್ಪಿದ್ರೆ ಸೇರುತ್ತೆ. ಬೆಂಚ್ ಇರೋದು ಸೈಡ್‌ಲೈನ್‌ಗೆ ಅಂಟ್ಕೊಂಡೇ, ಸಬ್‌ಗಳು ಅಲ್ಲೇ ಹಿಂದೆ ವಾರ್ಮ್‌ಅಪ್ ಓಟ ಓಡ್ತಾ ಇರ್ತಾರೆ, ಗೋಲ್ ಆದ್ರೆ ಕುಣೀತಾರೆ, ಜಾಗದ ತಪ್ಪು ಅರ್ಧ ಮೀಟರ್ ಆದ್ರೂ ಸಿಸ್ಟಮ್ ಒಳಗಿದಾನೆ ಅಂದ್ಕೊಳ್ಳುತ್ತೆ. ಅದಕ್ಕೆ ಸಾಫ್ಟ್‌ವೇರ್ ಹೇಳಿದ್ದನ್ನ ಯಾರಾದ್ರೂ ಒಬ್ಬರು ವಿಡಿಯೋ ಇಟ್ಕೊಂಡು ತಾಳೆ ನೋಡಬೇಕು. ಇದಕ್ಕಿಂತ ದೊಡ್ಡ ತಮಾಷೆ ವೆಸ್ಟ್ ಅದಲುಬದಲಾಗೋದು, ಡ್ರೆಸ್ಸಿಂಗ್ ರೂಮಿನ ಗಡಿಬಿಡೀಲಿ ವಿಂಗ್‌ದು ಪಿವಟ್ ಹಾಕ್ಕೊಂಡ ಅಂದ್ರೆ ಮಾರನೇ ದಿನ 105 ಕೆಜಿ ಮನುಷ್ಯ ಜೀವಮಾನದ ದಾಖಲೆ ಮಾಡಿರ್ತಾನೆ.

ಗೋಲಿಗೂ ಚಿಪ್ ಹಾಕ್ತಾರಾ? ಅವನು ನಿಂತೇ ಇರ್ತಾನಲ್ಲ?

ಹಾಕ್ತಾರೆ. 2016ರ ಮೇಲೆ ಅವನೂ ಓಡೋ ಆಸಾಮಿ ಆದ. ಆ ವರ್ಷ ರೂಲ್ ಬದಲಾಗಿ, ಗೋಲಿಯನ್ನ ಹೊರಗೆ ಕರೆದು ಏಳನೇ ಅಟ್ಯಾಕರ್ ಬಿಡೋದು ಸಲೀಸಾಯ್ತು, ಹಾಗೆ ಒಳಗೆ ಬಂದೋನು ಗೋಲಿ ಬಣ್ಣದ ಬಿಬ್ (ಜರ್ಸಿ ಮೇಲಿನ ಅಂಗಿ) ಹಾಕ್ಕೋಬೇಕಾಗಿಲ್ಲ. ಎರಡು ನಿಮಿಷದ ಸಸ್ಪೆನ್ಷನ್ ಬಿದ್ದು ಒಬ್ಬ ಹೊರಗೆ ಕೂತಾಗಂತೂ ಟೀಮ್‌ಗಳು ಇದನ್ನೇ ಮಾಡೋದು. ಪರಿಣಾಮ, ಪ್ರತಿ ಅಟ್ಯಾಕ್‌ಗೂ ಗೋಲಿ ಸುಮಾರು 20 ಮೀಟರ್ ಬೆಂಚಿಗೆ ಓಡಬೇಕು, ಚೆಂಡು ಕಳ್ಕೊಂಡ ತಕ್ಷಣ ಖಾಲಿ ಗೋಲ್‌ಪೋಸ್ಟ್‌ಗೆ ಪ್ರಾಣ ಬಿಟ್ಟು ವಾಪಸ್ ಓಡಬೇಕು.

2022ರಲ್ಲಿ ಇನ್ನೆರಡು ಬದಲಾವಣೆ ಬಂತು, ಗೋಲಿಗೆ ಯತ್ನಿಸದೆ ಸುಮ್ನೆ ಹೊತ್ತು ಕಳೀತಿದೀರಿ ಅಂತ ರೆಫರಿ ಕೈ ಎತ್ತಿ ಪ್ಯಾಸಿವ್ ಎಚ್ಚರಿಕೆ ಕೊಟ್ಟ ಮೇಲೆ ಸಿಗೋ ಪಾಸ್ 6ರಿಂದ 4ಕ್ಕೆ ಇಳೀತು, ಮತ್ತೆ ಗೋಲ್ ಆದ ಮೇಲೆ ಮಧ್ಯದಿಂದ ಎಸೆಯೋಕೆ 4 ಮೀಟರ್ ವ್ಯಾಸದ ಒಂದು ವೃತ್ತ ಬಂತು, ಅದರೊಳಗೆ ಓಡ್ತಾ ಓಡ್ತಾನೇ ಆಟ ಶುರು ಮಾಡಬಹುದು. ಎರಡೂ ಆಟವನ್ನ ಬೇಗ ಬೇಗ ಮಾಡೋಕೆ. ನೋಡೋರಿಗೆ ಮಜಾ, ಗೋಲ್ ಹೊಡೆದು ಖುಷಿ ಪಡೋಕೆ ಪುರುಸೊತ್ತಿಲ್ಲದೆ ವಾಪಸ್ ಓಡೋನ ಬೆನ್ನಿನ ಚಿಪ್‌ಗೆ ಕೆಲಸ ಜಾಸ್ತಿ.

ಹೆಂಗಸರ ಆಟದಲ್ಲಿ ಲೆಕ್ಕ ಬೇರೆನಾ?

ಡೆನ್ಮಾರ್ಕಿನ ಸ್ಟಡಿಗಳಲ್ಲಿ ಹೆಂಗಸರು ಮ್ಯಾಚಿಗೆ ಸುಮಾರು 4000 ಮೀಟರ್, ಅಂದ್ರೆ ಗಂಡಸರಿಗಿಂತ ಜಾಸ್ತಿ ಓಡಿದಾರೆ. ಗಂಡಸರ ಆಟದಲ್ಲಿ ಡಿಕ್ಕಿ, ಹಿಡಿತ, ಚಿಮ್ಮು ಓಟ ಜಾಸ್ತಿ. ಹಂಗಾಗಿ ಗಂಡಸರ ಟೀಮಿನ ಟ್ರೈನಿಂಗ್ ಶೀಟ್ ಎತ್ತಿ 20 ಪರ್ಸೆಂಟ್ ಕಮ್ಮಿ ಮಾಡಿ ಹೆಂಗಸರಿಗೆ ಕೊಡೋ ಪದ್ಧತಿ ಇದೆಯಲ್ಲ, ಅದು ಎರಡೂ ಕಡೆಯಿಂದ ತಪ್ಪು.

ಇಷ್ಟೆಲ್ಲಾ ಇಟ್ಕೊಂಡು ಕೋಚ್ ಏನ್ ಮಾಡ್ತಾರೆ?

ಮ್ಯಾಚ್ ನಡೀತಿರುವಾಗ ಅಷ್ಟೇನಿಲ್ಲ. ಉಪಯೋಗ ಜಾಸ್ತಿ ವಾರದ ಮಧ್ಯದಲ್ಲಿ. ಮಂಡಿ ಆಪರೇಷನ್ ಆಗಿ ಎಂಟು ತಿಂಗಳ ಮೇಲೆ ವಾಪಸ್ ಬರ್ತಿರೋ ಬ್ಯಾಕ್ ಒಬ್ಬ ಇದಾನೆ ಅಂದ್ಕೊಳ್ಳಿ. ಅವನ ಹಳೇ ಮ್ಯಾಚ್‌ಗಳಲ್ಲಿ ಮೈಗೆ ಅತಿ ಕಷ್ಟದ ಐದು ನಿಮಿಷ ಯಾವುದು, ಆ ಐದು ನಿಮಿಷದಲ್ಲಿ ಎಷ್ಟು ಸಲ ಜೋರಾಗಿ ಬ್ರೇಕ್ ಹಾಕಿದಾನೆ ಅಂತ ಡೇಟಾ ಇದೆ. ಪ್ರಾಕ್ಟೀಸಲ್ಲಿ ಅದನ್ನ ತಲುಪೋವರೆಗೂ ಮ್ಯಾಚಿಗೆ ಬಿಡಲ್ಲ. ನನಗೆ ಫುಲ್ ಫಿಟ್ ಸಾರ್ ಅಂತ ಅವನು ಹೇಳ್ತಾನೇ ಇರ್ತಾನೆ, ಎಲ್ಲರೂ ಹೇಳ್ತಾರೆ.

ಸರಾಸರಿ ಬಿಟ್ಟು ಈ ಕಷ್ಟದ ನಿಮಿಷಗಳನ್ನ ಹುಡುಕೋದು ಮುಖ್ಯ ಯಾಕಂದ್ರೆ ಇಡೀ ಮ್ಯಾಚಿನ ಸರಾಸರಿಗೆ ತಯಾರಾದ ಕಾಲು ಸತತ ಮೂರು ಕೌಂಟರ್ ಅಟ್ಯಾಕಲ್ಲಿ ಕೈ ಕೊಡುತ್ತೆ. ಇನ್ನು ಟೂರ್ನಮೆಂಟ್. 2020ರ ಯೂರೋ, ಅಂದ್ರೆ ಆ ಯುರೋಪಿಯನ್ ಚಾಂಪಿಯನ್‌ಶಿಪ್, ಜನವರಿ 9ರಿಂದ 26ರವರೆಗೆ ನಡೀತು, ಫೈನಲ್ ತಲುಪಿದ ಸ್ಪೇನ್, ಕ್ರೊಯೇಷಿಯಾ ಎರಡೂ 18 ದಿನದಲ್ಲಿ 9 ಮ್ಯಾಚ್ ಆಡಿದ್ವು. ಅದಕ್ಕೆ ಮುಂಚೆ 2019ರಲ್ಲೇ ಯುರೋಪಿನ ಆಟಗಾರರ ಯೂನಿಯನ್ ಡೋಂಟ್ ಪ್ಲೇ ದ ಪ್ಲೇಯರ್ಸ್ ಅಂತ ಕ್ಯಾಂಪೇನ್ ಶುರು ಮಾಡಿ, ನಮ್ಮನ್ನ ಇಷ್ಟು ದುಡಿಸಬೇಡಿ ಅಂತ ಕೂಗಿತ್ತು. ಅಂಥ ಶೆಡ್ಯೂಲಲ್ಲಿ ಇವತ್ತು ಯಾರನ್ನ 15 ನಿಮಿಷ ಕಮ್ಮಿ ಆಡಿಸಬೇಕು ಅಂತ ತೀರ್ಮಾನ ಮಾಡೋಕೆ ಈ ಡೇಟಾ ನಿಜಕ್ಕೂ ಕೆಲಸಕ್ಕೆ ಬರುತ್ತೆ, ಶೆಡ್ಯೂಲ್ ಹಾಕೋರಿಗೂ ಒಂದು ಕಾಪಿ ಕಳಿಸಬೇಕು ಅಂತ ನನ್ನ ಅನಿಸಿಕೆ.

ಗಾಯ ಆಗೋದನ್ನ ಮುಂಚೆನೇ ಹೇಳುತ್ತಾ?

ಇಲ್ಲ. ಹೇಳುತ್ತೆ ಅಂತ ಮಾರೋಕೆ ಬಂದ್ರೆ ಬಾಗಿಲಲ್ಲೇ ಕಳಿಸಿ. ಈ ವಾರದ ಲೋಡನ್ನ, ಅಂದ್ರೆ ಮೈಗೆ ಬಿದ್ದ ಒಟ್ಟು ದುಡಿತವನ್ನ, ಕಳೆದ ನಾಲ್ಕು ವಾರದ ಸರಾಸರಿಯಿಂದ ಭಾಗಿಸಿ, ಇಷ್ಟರೊಳಗಿದ್ರೆ ಸೇಫ್ ಅಂತ ಹಸಿರು ಕೆಂಪು ತೋರಿಸೋ ಫ್ಯಾಷನ್ ಒಂದಷ್ಟು ವರ್ಷ ಜೋರಾಗಿತ್ತು, ಆಮೇಲೆ ಆ ಗಣಿತದಲ್ಲೇ ತೊಂದರೆ ಇದೆ ಅಂತ ತಜ್ಞರೇ ಹರಿದುಹಾಕಿದ್ರು. ಆದ್ರೆ ದಿಢೀರ್ ಅಂತ ಲೋಡ್ ಏರಿಸಬಾರದು ಅನ್ನೋದು ಸುಳ್ಳಲ್ಲ. ಡೆನ್ಮಾರ್ಕಿನಲ್ಲಿ 14ರಿಂದ 18 ವರ್ಷದ 679 ಹ್ಯಾಂಡ್‌ಬಾಲ್ ಮಕ್ಕಳನ್ನ ಹಿಂಬಾಲಿಸಿದ ಸ್ಟಡಿಯಲ್ಲಿ, ವಾರದ ಆಟದ ಹೊತ್ತು 60 ಪರ್ಸೆಂಟ್‌ಗಿಂತ ಜಾಸ್ತಿ ಏರಿದಾಗ ಭುಜದ ಗಾಯ ಹತ್ತಿರ ಹತ್ತಿರ ಎರಡು ಪಟ್ಟಾಯ್ತು. ಭುಜದಲ್ಲಿ ಮೊದಲೇ ಶಕ್ತಿ ಕಮ್ಮಿ ಇದ್ದವರಿಗೆ ಅದಕ್ಕಿಂತ ಸಣ್ಣ ಏರಿಕೆಯೂ ತಡೀಲಿಲ್ಲ.

ಇದರಲ್ಲಿ ನನಗೆ ಇಷ್ಟವಾದ ವಿಷಯ, ಆ ಡೇಟಾ ಬಂದಿದ್ದು ಯಾವ ಚಿಪ್‌ನಿಂದಲೂ ಅಲ್ಲ. ವಾರಕ್ಕೊಮ್ಮೆ ಮಕ್ಕಳ ಫೋನಿಗೆ ಎಸ್‌ಎಂಎಸ್, ಈ ವಾರ ಎಷ್ಟು ಗಂಟೆ ಆಡಿದೆ, ನೋವಿದೆಯಾ, ಅಷ್ಟೇ.

ಭುಜ ಅಂದ್ರಿ, ಎಷ್ಟು ಸಲ ಎಸೆದ ಅಂತ ಚಿಪ್ ಹೇಳಲ್ವಾ?

ಬೆನ್ನಿನ ಚಿಪ್ ಒಂದೇ ಇದ್ರೆ ಸರಿಯಾಗಿ ಹೇಳಲ್ಲ. ಹ್ಯಾಂಡ್‌ಬಾಲ್ ಆಟಗಾರನ ಭುಜ ಅಂದ್ರೆ ಕ್ರಿಕೆಟ್‌ನ ಫಾಸ್ಟ್ ಬೌಲರ್ ಸೊಂಟ ಇದ್ದ ಹಾಗೆ, ಸವೆಯೋದೇ ಅದು, ಟಾಪ್ ಗಂಡಸರು ಗಂಟೆಗೆ 100 ಕಿಲೋಮೀಟರ್ ದಾಟಿಸಿ ಎಸೀತಾರೆ. ಪ್ರಾಕ್ಟೀಸಲ್ಲಿ ಗೋಲಿಗೆ ವಾರ್ಮ್‌ಅಪ್ ಕೊಡ್ತಾ ನಿಂತಲ್ಲೇ ನೂರು ಸಲ ಎಸೆದ್ರೆ ಡ್ಯಾಶ್‌ಬೋರ್ಡಲ್ಲಿ ಅದು ವಿಶ್ರಾಂತಿ ದಿನ. ಇದಕ್ಕೆ ಎರಡು ದಾರಿ ಹುಡುಕಿದಾರೆ, ಮಣಿಕಟ್ಟಿಗೆ ಇನ್ನೊಂದು ಸೆನ್ಸರ್ ಕಟ್ಟೋದು, ಇಲ್ಲಾಂದ್ರೆ ಚೆಂಡಿನೊಳಗೇ ಚಿಪ್ ಇಡೋದು. ಡೆನ್ಮಾರ್ಕಿನ ಸೆಲೆಕ್ಟ್ ಕಂಪನಿಯ ಐಬಾಲ್ ಎರಡನೇ ಜಾತಿ. ಗಂಡಸರ ಚೆಂಡು 425ರಿಂದ 475 ಗ್ರಾಂ ಒಳಗೇ ಇರಬೇಕು, ಪುಟಿಯೋದೂ ಬದಲಾಗಬಾರದು, ಅದರೊಳಗೆ ಎಲೆಕ್ಟ್ರಾನಿಕ್ಸ್ ಕೂರಿಸೋದು ಸುಮ್ನೆ ಅಲ್ಲ. ಕೂರಿಸಿದ ಮೇಲೆ ಯಾರು ಎಸೆದ್ರು, ಎಷ್ಟು ಸ್ಪೀಡು, ಎಲ್ಲಿಂದ, ಎಲ್ಲಾ ಗೊತ್ತಾಗುತ್ತೆ.

ಈ ಡೇಟಾ ಯಾರದ್ದು? ಆಟಗಾರನದ್ದಾ ಕ್ಲಬ್ಬಿನದ್ದಾ?

ಯುರೋಪಲ್ಲಿ ಜಿಡಿಪಿಆರ್ ಅನ್ನೋ ಡೇಟಾ ಕಾನೂನು ಇದೆ, ಆರೋಗ್ಯಕ್ಕೆ ಸಂಬಂಧಪಟ್ಟ ಮಾಹಿತಿಗೆ ಅದರಲ್ಲಿ ಬಿಗಿ ಜಾಸ್ತಿ, ಹಾರ್ಟ್ ರೇಟ್ ಥರದ್ದು ಆ ಗುಂಪಿಗೆ ಬೀಳುತ್ತೆ. ಕಾಗದದ ಮೇಲೆ ಆಟಗಾರ ಒಪ್ಪಿಗೆ ಕೊಡಬೇಕು. ಆದ್ರೆ ಸಂಬಳ ಕೊಡೋ ಕ್ಲಬ್ಬೇ ಕೇಳ್ತಾ ಇರುವಾಗ ಬೇಡ ಅನ್ನೋಕೆ ಎಷ್ಟು ಜನಕ್ಕೆ ಧೈರ್ಯ ಇರುತ್ತೆ. 33 ವರ್ಷದ ಆಟಗಾರನ ಸ್ಪ್ರಿಂಟ್ ಗ್ರಾಫ್ ಮೂರು ಸೀಸನ್‌ನಿಂದ ಇಳೀತಾ ಇದೆ ಅನ್ನೋ ಹಾಳೆ ಕಾಂಟ್ರ್ಯಾಕ್ಟ್ ಮಾತುಕತೆ ಟೇಬಲ್ ಮೇಲೆ ಬಂದ್ರೆ ಅದು ಫಿಟ್‌ನೆಸ್ ವಿಷಯ ಆಗಿ ಉಳಿಯಲ್ಲ. ಡಾಕ್ಟರ್, ಫಿಟ್‌ನೆಸ್ ಕೋಚ್ ನೋಡೋ ಸ್ಕ್ರೀನ್ ಬೇರೆ, ಮ್ಯಾನೇಜ್‌ಮೆಂಟ್ ನೋಡೋ ಸ್ಕ್ರೀನ್ ಬೇರೆ ಇರಬೇಕು ಅನ್ನೋರ ಪಕ್ಷ ನಾನು.

ನಮ್ಮಲ್ಲಿ ಇದೆಲ್ಲಾ ಇದೆಯಾ? ಇಲ್ಲಾಂದ್ರೆ ನಮ್ಮ ಕಾಲೇಜ್ ಟೀಮ್ ಏನ್ ಮಾಡಬೇಕು?

2023ರ ಜೂನಲ್ಲಿ ಜೈಪುರದಲ್ಲಿ ಪ್ರೀಮಿಯರ್ ಹ್ಯಾಂಡ್‌ಬಾಲ್ ಲೀಗ್‌ನ ಮೊದಲ ಸೀಸನ್ ನಡೀತು, ಆರು ಟೀಮ್, ಮಹಾರಾಷ್ಟ್ರ ಐರನ್‌ಮೆನ್ ಗೆದ್ರು, ಕರ್ನಾಟಕದ್ದು ಟೀಮೇ ಇರಲಿಲ್ಲ, ಆ ಬೇಜಾರು ಇನ್ನೂ ಇದೆ. ಕಾಲೇಜ್ ಟೀಮಿಗೆ ಆಂಕರ್ ಡಬ್ಬ, ವೆಸ್ಟ್ ಎಲ್ಲಾ ತರೋದು ಕನಸಿನ ಮಾತು, ತಂದ್ರೂ ಅರ್ಧ ಕೋರ್ಟ್‌ಗಳು ಬಯಲಲ್ಲಿ ಇವೆ.

ಫೋನ್ ಒಂದಿದ್ರೆ ಸಾಕು, ಶುರು ಮಾಡಬಹುದು. ಕೋರ್ಟಿನ ಮಧ್ಯದ ಗೆರೆ ನೇರಕ್ಕೆ, ಆದಷ್ಟು ಎತ್ತರದಲ್ಲಿ ಇಟ್ಟು ಇಡೀ ಮ್ಯಾಚ್ ರೆಕಾರ್ಡ್ ಮಾಡಿ, ಅಲ್ಲಾಡಿಸಬೇಡಿ, ಝೂಮ್ ಮಾಡಬೇಡಿ. ಮನೆಗೆ ಬಂದು ಒಬ್ಬೊಬ್ಬರಿಗೆ ಒಂದು ಹಾಳೆ. ಎಷ್ಟು ಹೊತ್ತು ಕೋರ್ಟಲ್ಲಿದ್ದ ಅಂತ ಮೊದಲು ಬರೀರಿ, ಇದಿಲ್ಲದೆ ಮಿಕ್ಕಿದ್ದು ವೇಸ್ಟು. ಆಮೇಲೆ ಗೆರೆ ಎಳೀತಾ ಹೋಗಿ: ಕೋರ್ಟಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಪೂರ್ತಿ ಓಡಿದ್ದು ಎಷ್ಟು, ಹಾರಿದ್ದು ಎಷ್ಟು, ಎಸೆದಿದ್ದು ಎಷ್ಟು, ಮೈಗೆ ಮೈ ತಾಗಿದ್ದು ಎಷ್ಟು. ಪಿವಟ್‌ಗೆ ಬೇರೆ ಕಾಲಂ ಇರಲಿ, ಸ್ಟಾಪ್‌ವಾಚ್ ಒತ್ತಿ, ಯಾರೋ ಹಿಡ್ಕೊಂಡಿದ್ದು ಒಟ್ಟು ಎಷ್ಟು ಸೆಕೆಂಡು ಅಂತ ಬರೀರಿ. ನಮ್ಮ ಹುಡುಗರದ್ದು ಒಂದು ಪ್ರಾಕ್ಟೀಸ್ ಮ್ಯಾಚ್ ಹೀಗೆ ಲೆಕ್ಕ ಮಾಡೋಕೆ ನನಗೆ ಒಂದು ಭಾನುವಾರ ಪೂರ್ತಿ ಹೋಯ್ತು, ಹಾಳೆ ನೋಡಿದ ಪಿವಟ್ ಅದನ್ನ ಮಡಚಿ ಜೇಬಲ್ಲಿಟ್ಕೊಂಡು ಹೋದ, ವಾಪಸ್ ಕೇಳಿದ್ರೆ ಇನ್ನೂ ಕೊಟ್ಟಿಲ್ಲ.